ಪಂಪಿನ ತಳದ ಒಂದು ಚೊಂಬು ನೀರು

ದ್ರಾಕ್ಷಿ ಬಳ್ಳಿಯ ರೋಗ ನೋಡುವವಳು ಎಂದರೆ ಹಾಸನದಲ್ಲಿ ಜನ ನಗುತ್ತಾರೆ. ಆಲೂಗೆಡ್ಡೆ, ಶುಂಠಿ, ಜೋಳ, ಹೊಗೆಸೊಪ್ಪಿನ ಸೀಮೆಯಲ್ಲಿ ನಿಮಗೆ ದ್ರಾಕ್ಷಿ ಎಲ್ಲಿ ಸಿಕ್ಕಿತು ಎಂದು ಆಟೋದವರೂ ಕೇಳಿದ್ದಾರೆ. ಸಿಕ್ಕಿದೆ. ಚನ್ನರಾಯಪಟ್ಟಣದ ಕಡೆ ನಾಲ್ಕಾರು ತೋಟ, ಹೊಳೆನರಸೀಪುರದ ದಾರಿಯಲ್ಲಿ ಒಂದೆರಡು, ಅರಕಲಗೂಡು ತಾಲ್ಲೂಕಿನ ಕೊಣನೂರಿನ ಹತ್ತಿರ ಒಂದು. ಇವನ್ನೆಲ್ಲ ಸ್ಕೂಟರಿನಲ್ಲಿ ಸುತ್ತಿ, ಎಲೆ ಕಿತ್ತು ತಂದು, ಹಾಸನದ ನಮ್ಮ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಡುವುದು ನನ್ನ ಕೆಲಸ. ಸಂಬಳ ಬರುತ್ತದೆ, ಬೈಗುಳವೂ ಬರುತ್ತದೆ.

ನಾನು ದೊಡ್ಡಗದ್ದವಳ್ಳಿ ಕಡೆಯವಳು. ಅಪ್ಪ ಬೇರೆಯವರ ಹೊಲ ಗುತ್ತಿಗೆಗೆ ಹಿಡಿದು ಆಲೂಗೆಡ್ಡೆ ಹಾಕುತ್ತಿದ್ದರು. ಮೋಡ ಕವಿದ ವಾರಗಳಲ್ಲಿ ಅಂಗಮಾರಿ ಬಂದು ಗಿಡವೆಲ್ಲ ಬೆಂದ ಸೊಪ್ಪಾಗಿ ನಾರುತ್ತಿತ್ತು. ಆ ನಾತ ನನ್ನ ಮೂಗಿನಲ್ಲಿ ಇನ್ನೂ ಇದೆ. ಓದಲು ಹೋದಾಗ ಆಲೂಗೆಡ್ಡೆಯ ಅಂಗಮಾರಿಗೂ ದ್ರಾಕ್ಷಿಯ ಬೂಜು ರೋಗಕ್ಕೂ ದಾಯಾದಿ ಸಂಬಂಧ ಎಂದು ಗೊತ್ತಾಯಿತು. ಹಳೆಯ ಶತ್ರುವಿನ ನೆಂಟನನ್ನು ಹಿಡಿದುಕೊಂಡರೆ ಬಿಡಬಾರದು ಎಂಬ ಹಟದಲ್ಲೇ ಈ ದಾರಿಗೆ ಬಂದೆ. ನಮ್ಮ ಮನೆಯ ನಡುಗೋಡೆಯಲ್ಲಿ ಬುದ್ಧನ ಪಟವಿದೆ. ನಾನು ಯಾವ ಕೇರಿಯವಳೆಂದು ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಕೊಣನೂರಿನ ಹತ್ತಿರದ ಆ ತೋಟ ಮುಕ್ಕಾಲು ಎಕರೆಯದು. ನೋಡಿಕೊಳ್ಳುವವಳು ಒಬ್ಬ ಗೌಡರ ಮನೆಯ ಹೆಂಗಸು. ನನಗಿಂತ ಹಿರಿಯಳಾದ್ದರಿಂದ ಅಕ್ಕ ಎನ್ನುತ್ತಿದ್ದೆ. ಗಂಡ ಚನ್ನರಾಯಪಟ್ಟಣದಲ್ಲಿ ಬಸ್ಸು ಓಡಿಸುತ್ತಾ ಅಲ್ಲೇ ರೂಮು ಮಾಡಿಕೊಂಡಿದ್ದ, ರಜೆಗೆ ಬಂದು ಹೋಗುತ್ತಿದ್ದ. ಜಮೀನಿನ್ನೂ ಭಾಗವಾಗಿರಲಿಲ್ಲ. ಹಾಗಾಗಿ ಗಂಡನ ಅಣ್ಣ, ಅವಳ ಬಾವ, ಎಲ್ಲದಕ್ಕೂ ಬಾಯಿ ಹಾಕುತ್ತಿದ್ದರು. ಹೊಗೆಸೊಪ್ಪು ಬಿಟ್ಟು ಬಳ್ಳಿ ನೆಡುತ್ತೇನೆ ಎಂದು ಅಕ್ಕ ಹೊರಟಾಗ ಹುಚ್ಚು ಹಿಡಿದಿದೆ ಎಂದಿದ್ದರಂತೆ. ಅವಳು ಕೇಳಲಿಲ್ಲ. ನೀಲಿ ದ್ರಾಕ್ಷಿಯ ಕಡ್ಡಿ ತಂದು ನೆಟ್ಟಳು, ಕಲ್ಲುಕಂಬ ಹುಗಿಸಿ ತಂತಿ ಬಿಗಿಸಿ ಚಪ್ಪರ ಹಾಕಿಸಿದಳು, ಹಿಂದಿನ ವರ್ಷ ಕೊಣನೂರಿನ ಸಂತೆಯಲ್ಲಿ ಹಣ್ಣು ಮಾರಿದಳು. ಅವಳ ಕೈಯಲ್ಲಿ ಬೆಳೆದದ್ದು, ಅವಳದೇ ಎಂದು ಹೇಳಿಕೊಳ್ಳಬಹುದಾದದ್ದು ಆ ಮನೆಯಲ್ಲಿ ಅದೊಂದೇ ಇತ್ತು.

ಈ ಬೇಸಿಗೆಯ ಕೊನೆಯಲ್ಲಿ ನಮ್ಮ ಕಚೇರಿಯ ಹಿರಿಯ ಸಾಹೇಬರ ಫೋನಿಗೆ ಆ ತೋಟದ ಎಲೆಗಳ ಚಿತ್ರ ಬಂತು. ಎಲೆ ಅಗಲವಾಗಿರಲಿಲ್ಲ. ಬೀಸಣಿಗೆ ಮಡಚಿದ ಹಾಗೆ ಸುಕ್ಕುಗಟ್ಟಿ, ನರಗಳೆಲ್ಲ ಒತ್ತೊತ್ತಾಗಿ, ಅಂಚು ಗರಗಸದ ಹಲ್ಲಾಗಿತ್ತು. ಸಾಹೇಬರು ಚಿತ್ರ ನೋಡಿದ ಕೂಡಲೇ ಇದು ನಂಜು ರೋಗ, ವೈರಸ್ಸು, ಮಣ್ಣಿನೊಳಗಿನ ಹುಳ ಬೇರಿನಿಂದ ಬೇರಿಗೆ ಹಬ್ಬಿಸುತ್ತದೆ, ಬುಡಸಮೇತ ಕಿತ್ತು ಸುಡಬೇಕು ಎಂದರು. ಫೋನಿನಲ್ಲೇ ಬಾವನಿಗೂ ಹಾಗೇ ಹೇಳಿಬಿಟ್ಟಿದ್ದರು. ನಾನು ಹೋಗಿ ಸುಡುವುದು ಹೇಗೆಂದು ತಿಳಿಸಿ ಬರಬೇಕಿತ್ತು, ಅಷ್ಟೇ.

ಚಿತ್ರ ನೋಡಿ ರೋಗ ಹೇಳುವುದು ನನಗೆ ಆಗುವುದಿಲ್ಲ. ಬಳ್ಳಿಯ ಮುಂದೆ ನಿಂತು, ಎಲೆ ತಿರುಗಿಸಿ, ಬುಡ ಕೆದಕಿ ನೋಡದೆ ಕಿತ್ತುಹಾಕಿ ಎಂದವರನ್ನು ಕಂಡರೆ ಮೈ ಉರಿಯುತ್ತದೆ. ಆದರೂ ಅಂದು ಸುಮ್ಮನೆ ಸ್ಕೂಟರು ಹತ್ತಿದೆ. ಸಾಹೇಬರು ಕೆಟ್ಟವರಲ್ಲ, ಆತುರದವರು. ಅವರ ಮೇಜಿನ ಮೇಲೆ ಆ ವಾರ ಶುಂಠಿ ಕೊಳೆಯ ದೂರುಗಳ ರಾಶಿ ಬಿದ್ದಿತ್ತು.

ತೋಟದ ಗೇಟಿನಲ್ಲೇ ಅಕ್ಕ ನಿಂತಿದ್ದಳು. ಅತ್ತಿರಲಿಲ್ಲ. ಸಿಟ್ಟಿನಲ್ಲಿದ್ದಳು, ಅದು ನನಗೆ ಹಿಡಿಸಿತು. ತೋಟಕ್ಕೆ ಅಂಟಿಕೊಂಡಿದ್ದ ಮನೆಗೆ ಕರೆದು ಕಾಫಿ ಕೊಟ್ಟಳು. ಬಾವ ಜಗುಲಿಯ ಮೇಲೆ ಕೂತು ಯಾವೂರಾಯಿತು ನಿಮ್ಮದು ಎಂದರು. ಹೇಳಿದೆ. ಅಲ್ಲಿ ಯಾವ ಬೀದಿ ಎಂದರು. ಆ ಪ್ರಶ್ನೆಯ ಹಿಂದಿನ ಪ್ರಶ್ನೆ ಯಾವುದೆಂದು ನನಗೆ ಚಿಕ್ಕಂದಿನಿಂದಲೂ ಗೊತ್ತು. ದೇವಸ್ಥಾನದಿಂದ ದೂರದ ಬೀದಿ ಎಂದೆ. ಅವರ ಕಣ್ಣು ನನ್ನ ಕೈಯಲ್ಲಿದ್ದ ಲೋಟದ ಮೇಲೆ ಹೋಗಿ ನಿಂತಿತು. ನಾನು ಬೇಕೆಂದೇ ನಿಧಾನವಾಗಿ, ಕೊನೆಯ ಗುಟುಕಿನವರೆಗೂ ಕುಡಿದು, ಲೋಟವನ್ನು ಅಕ್ಕನ ಕೈಗೇ ಕೊಟ್ಟೆ. ಅವಳು ಇಸಿದುಕೊಂಡು ಒಳಗೆ ಹೋದಳು.

ಚಪ್ಪರದ ಕೆಳಗೆ ಹೋದ ಮೇಲೆ ಬೇರೆಲ್ಲ ಮರೆತೆ. ಗೇಟಿನ ಪಕ್ಕದ ಮೊದಲ ಸಾಲಿನಲ್ಲಿ ಎಲೆಗಳು ನೋಡಲಾಗದಂತೆ ತಿರುಚಿಕೊಂಡಿದ್ದವು. ಹೂಗೊಂಚಲು ಉದುರಿ ಬರೀ ಕಡ್ಡಿ ಉಳಿದಿತ್ತು. ಆದರೆ ಕುಡಿಯಿಂದ ಕೆಳಗೆ ಎಣಿಸುತ್ತಾ ಬಂದರೆ ಹಳೆಯ ಎಲೆಗಳು ಚೆನ್ನಾಗಿದ್ದವು, ಅಂಗೈಯಷ್ಟು ಅಗಲವಾಗಿ ನೆಟ್ಟಗಿದ್ದವು. ಒಂದೇ ವಯಸ್ಸಿನ, ಒಂದೇ ವಾರದಲ್ಲಿ ಬಿಚ್ಚಿಕೊಂಡ ಎಲೆಗಳಿಗೆ ಮಾತ್ರ ಪೆಟ್ಟು ಬಿದ್ದಿತ್ತು. ನಂಜು ಹಾಗೆ ಬರುವುದಿಲ್ಲ. ಅಲ್ಲೊಂದು ಬಳ್ಳಿ, ಇಲ್ಲೊಂದು ಬಳ್ಳಿ ಹಿಡಿದು, ವರ್ಷದಿಂದ ವರ್ಷಕ್ಕೆ ಹರಡುತ್ತದೆ.

ಎರಡನೆಯ ಸಾಲಿಗೆ ಹೋದೆ. ಅಲ್ಲಿ ಸ್ವಲ್ಪ ಕಡಿಮೆ. ಮೂರನೆಯದರಲ್ಲಿ ಇನ್ನೂ ಕಡಿಮೆ. ಹೀಗೇ ಹೋಗುತ್ತಾ ಹೋಗುತ್ತಾ ತೋಟದ ಇನ್ನೊಂದು ತುದಿಯ ಸಾಲಿನಲ್ಲಿ ಎಲೆಗಳು ತೊಳೆದಿಟ್ಟಂತಿದ್ದವು. ನನಗೆ ಮೊದಲು ಅನುಮಾನ ಬಂದದ್ದು ಗಾಳಿಯ ಮೇಲೆ. ಜೋಳದ ಹೊಲಕ್ಕೆ ಹೊಡೆಯುವ ಒಂದು ಕಳೆ ಔಷಧಿಯಿದೆ, ಜೋಳಕ್ಕೆ ಏನೂ ಮಾಡದೆ ಅಗಲ ಎಲೆಯ ಕಳೆಗಳನ್ನೆಲ್ಲ ಕೊಲ್ಲುತ್ತದೆ. ದ್ರಾಕ್ಷಿಗೆ ಅದರ ಹನಿ ಸೋಕಿದರೂ ಸಾಕು, ಎಲೆ ಹೀಗೇ ಬೀಸಣಿಗೆಯಾಗುತ್ತದೆ. ಆದರೆ ಜೋಳದ ಹೊಲವಿದ್ದದ್ದು ಆ ಚೊಕ್ಕ ಸಾಲಿನ ಕಡೆಗೆ. ಗಾಳಿಯಲ್ಲಿ ಬಂದಿದ್ದರೆ ಅದೇ ಸಾಲು ಮೊದಲು ಕೆಡಬೇಕಿತ್ತು.

ಹಾಗಾದರೆ ಗೇಟಿನ ಕಡೆಯಿಂದ ಬಂದದ್ದು ಯಾವುದು? ಬೂಜು ರೋಗಕ್ಕೆ ಔಷಧಿ ಹೊಡೆಯುವಾಗ ಯಾವ ಕಡೆಯಿಂದ ಶುರು ಮಾಡುತ್ತೀಯ ಎಂದು ಅಕ್ಕನನ್ನು ಕೇಳಿದೆ. ಪೂರ್ವದಿಂದ, ಗೇಟಿನ ಸಾಲಿನಿಂದ, ಯಾವಾಗಲೂ ಎಂದಳು. ಬೆನ್ನಿಗೆ ಹೊರುವ ಪಂಪಿನ ಮೊದಲ ಟ್ಯಾಂಕು ಅಲ್ಲೇ ಮುಗಿಯುತ್ತದಂತೆ. ಮತ್ತೆ ತುಂಬಿಕೊಂಡು ಮುಂದಿನ ಸಾಲು, ಮತ್ತೆ ತುಂಬಿಕೊಂಡು ಅದರ ಮುಂದಿನದು. ಏನೋ ಒಂದು ಪಂಪಿನೊಳಗೇ ಇತ್ತು, ಟ್ಯಾಂಕು ತುಂಬಿದಂತೆಲ್ಲ ತೆಳುವಾಗುತ್ತಾ ಹೋಯಿತು.

ಪಂಪು ಯಾರದು, ನಿನ್ನ ಬಿಟ್ಟು ಕೊನೆಗೆ ಬಳಸಿದವರು ಯಾರು ಎಂದು ಕೇಳಿದೆ. ಅಲ್ಲಿಯವರೆಗೆ ಪಟಪಟ ಉತ್ತರ ಕೊಡುತ್ತಿದ್ದವಳು ಬಾಯಿ ಮುಚ್ಚಿದಳು. ಪಂಪು ನನ್ನದೇ ಎಂದಷ್ಟೇ ಹೇಳಿದಳು. ಇನ್ನೊಮ್ಮೆ ಕೇಳಿದೆ. ಮುಖ ತಿರುಗಿಸಿ ತಂತಿಯಲ್ಲಿ ಸಿಕ್ಕಿದ್ದ ಕುಡಿಯನ್ನು ಬಿಡಿಸತೊಡಗಿದಳು. ಬಳ್ಳಿ ಉಳಿಸಿಕೊಳ್ಳಲು ಜೀವ ಬಿಡುವಂತಿದ್ದವಳು ಇದನ್ನೇಕೆ ಮುಚ್ಚಿಡುತ್ತಿದ್ದಾಳೆಂದು ನನಗೆ ಅರ್ಥವಾಗಲಿಲ್ಲ, ರೇಗಿತು.

ಉತ್ತರ ತಾನಾಗಿ ನಡೆದುಕೊಂಡು ಬಂತು. ಆ ಜೋಳದ ಹೊಲದ ಒಡತಿ ವಯಸ್ಸಾದ ಹೆಂಗಸು, ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದರಲ್ಲಿ ನೀರಿನ ಕ್ಯಾನು ಹಿಡಿದು ಬದುವಿನ ಮೇಲೆ ಬಂದವಳು ಬೇಲಿಯ ಹೊರಗೇ ನಿಂತಳು. ಊರಾಚೆಯ ಕೇರಿಯವಳು, ಅಂದರೆ ನಮ್ಮವಳೇ. ಕೂಲಿ ಮಾಡಿ ಮಾಡಿ ಆ ತುಂಡು ಹೊಲ ಕೊಂಡುಕೊಂಡಿದ್ದಳಂತೆ. ನಾನು ದೊಡ್ಡವ್ವ ಎಂದು ಕರೆದೆ. ನಮ್ಮ ಮಾತು ಅವಳ ಕಿವಿಗೆ ಬಿದ್ದಿತ್ತು.

"ಪಂಪ ನಾನೇ ಇಸ್ಕಂಡೋಗಿದ್ದೆ ಕಣ್ ಮಗ," ಎಂದಳು. "ಜೋಳದ ಕಳೆಗೆ ವಡ್ದೆ. ಮೂರ್ ಕಿತ ತೊಳ್ದು, ಬರಿದು ಕೊಡಬಾರ್ದು ಅಂತ ಒಂದ್ ಚೊಂಬು ನೀರು ಬುಟ್ಟು ತಂದ್ ಮಡಗಿದ್ದೆ."

ಹೆಮ್ಮೆಯಿಂದಲೇ ಹೇಳಿದಳು. ಇಸಿದುಕೊಂಡ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎನ್ನುವುದು ನಮ್ಮ ಕಡೆ ಎಲ್ಲ ಮನೆಗಳ ಪದ್ಧತಿ. ಹಾಲಿನ ಪಾತ್ರೆಯಾದರೆ ಒಂದು ಚೂರು ಬೆಲ್ಲ, ಮೊರವಾದರೆ ಒಂದು ಹಿಡಿ ಕಾಳು, ಏನೂ ಇಲ್ಲದಿದ್ದರೆ ಒಂದು ಹೂವಾದರೂ ಹಾಕಿ ಕೊಡುತ್ತಾರೆ. ದೊಡ್ಡವ್ವ ಅದನ್ನು ಪಂಪಿಗೂ ಪಾಲಿಸಿದ್ದಳು. ಬೆಲ್ಲ, ಕಾಳು ಹಾಕಿದರೆ ಆ ಮನೆಯವರು ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬ ಅಳುಕಿಗೆ ನೀರು ಬಿಟ್ಟಿದ್ದಳು. ಹಿಂದೆ ಅಕ್ಕನ ಅತ್ತೆಯ ಕಾಲದಲ್ಲಿ ಕೇರಿಗೆ ಕೊಟ್ಟ ಗುದ್ದಲಿ ಹಿಂದಕ್ಕೆ ಬಂದರೂ ನೀರು ಚಿಮುಕಿಸಿ ಒಳಗಿಡುತ್ತಿದ್ದರು. ಅಕ್ಕ ಒಂದು ದಿನವೂ ಆ ಚೊಂಬು ನೀರನ್ನು ಚೆಲ್ಲಿರಲಿಲ್ಲ. ಅದರ ಮೇಲೇ ತನ್ನ ನೀರು ತುಂಬಿ, ಔಷಧಿ ಬೆರೆಸಿ, ಬಳ್ಳಿಗೆ ಹೊಡೆಯುತ್ತಿದ್ದಳು. ಇಬ್ಬರೂ ಇದರ ಬಗ್ಗೆ ಬಾಯಿಬಿಟ್ಟು ಮಾತಾಡಿರಲಿಲ್ಲ. ದೊಡ್ಡವ್ವ ಹಿಂದೆಯೂ ಬಹಳ ಸಲ ಪಂಪು ಇಸಿದುಕೊಂಡಿದ್ದಳು, ಹುಳದ ಔಷಧಿಗೆ. ಕಳೆ ಔಷಧಿಗೆ ಬಳಸಿದ್ದು ಈ ಸಲವೇ ಮೊದಲು.

ಅಕ್ಕ ಬಾಯಿ ಮುಚ್ಚಿಕೊಂಡದ್ದು ಏಕೆಂದು ಆಗ ತಿಳಿಯಿತು. ಅವಳಿಗೂ ಅನುಮಾನ ಬಂದಿತ್ತು. ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು. ಬಾವ ನಮ್ಮ ಹಿಂದೆಯೇ ಬಂದು ನಿಂತಿದ್ದರು.

"ನೋಡುದ್ರಾ ಮೇಡಂ," ಎಂದರು. "ಆ ನೀರ ಚೆಲ್ಲಿದ್ರೆ ಇಷ್ಟೆಲ್ಲ ಆಯ್ತಿತ್ತಾ? ಇರೀಕ್ರು ಸುಮ್ಸುಮ್ಕೆ ಮಾಡಿರ್ಲಿಲ್ಲ."

ದೊಡ್ಡವ್ವನ ಮುಖದಲ್ಲಿದ್ದ ಹೆಮ್ಮೆ ಇಳಿದುಹೋಯಿತು. ಕುಡುಗೋಲನ್ನು ಸೆರಗಿನ ಮರೆಗೆ ಸರಿಸಿಕೊಂಡಳು, ಅದೂ ಏನೋ ತಪ್ಪು ಮಾಡಿದ ವಸ್ತು ಎನ್ನುವಂತೆ. ನನಗೆ ಆ ಕ್ಷಣದಲ್ಲಿ ಆ ಮನುಷ್ಯನ ಮೇಲೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಒಂದು ಬಳ್ಳಿಯ ಎಲೆ ಮುದುಡಿದ್ದನ್ನು ಹಿಡಿದುಕೊಂಡು, ನಮ್ಮಜ್ಜಿಯರು ಮುಟ್ಟಿದ ನೀರನ್ನು ಅವರ ಮುಂದೆಯೇ ಚೆಲ್ಲಿದವರಿಗೆಲ್ಲ ನೀವು ಮಾಡಿದ್ದು ಸರಿ ಎಂಬ ತೀರ್ಪು ಕೊಟ್ಟುಬಿಟ್ಟಿದ್ದರು.

"ಚೆಲ್ಲಿದ್ರೆ ಏನಾಗ್ತಿತ್ತು ಅಂತ ನಾನು ತೋರಿಸ್ತೀನಿ," ಎಂದೆ. "ಅಲ್ಲೀಗಂಟ ಒಂದು ಬಳ್ಳೀನೂ ಮುಟ್ಟಬೇಡಿ."

ಪಂಪನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹಾಸನಕ್ಕೆ ಹೊರಟೆ. ಹೊರಡುವ ಮುಂಚೆ ಅಕ್ಕನಿಗೆ ಒಂದು ಕೆಲಸ ಹೇಳಿದೆ. ಗೇಟಿನ ಸಾಲಿನ ಬಳ್ಳಿಗಳನ್ನು ಸವರಿ ಹಾಕು, ಹೊಸ ಕುಡಿ ಬರಲಿ. ನಂಜಾಗಿದ್ದರೆ ಹೊಸ ಎಲೆಯೂ ಸುಕ್ಕಾಗಿಯೇ ಬರುತ್ತದೆ, ನಾನೇ ನಿಂತು ಕೀಳಿಸುತ್ತೇನೆ. ಕಳೆ ಔಷಧಿಯಾಗಿದ್ದರೆ ಎಲೆ ಅಗಲವಾಗುತ್ತಾ ಬರುತ್ತದೆ. ಈ ಸಲದ ಹಣ್ಣು ಹೇಗೂ ಹೋಯಿತು, ಬಳ್ಳಿ ಉಳಿಯುತ್ತದೋ ಇಲ್ಲವೋ ಅದನ್ನು ನೋಡೋಣ ಎಂದೆ. ಅವಳು ಕತ್ತರಿ ತರಲು ಒಳಗೆ ಹೋದಳು.

ದಾರಿಯುದ್ದಕ್ಕೂ ಆಡಿದ ಮಾತು ನೆನೆಸಿಕೊಂಡು ಭಯವಾಗುತ್ತಿತ್ತು. ನಾನು ಸಿಟ್ಟಿನಲ್ಲಿ ಹೇಳಿಬಿಟ್ಟಿದ್ದೆ, ಗೊತ್ತಿದ್ದು ಹೇಳಿದ್ದಲ್ಲ. ಆ ಚೊಂಬು ನೀರನ್ನು ಚೆಲ್ಲಿದ್ದರೆ ನಿಜಕ್ಕೂ ಏನೂ ಆಗುತ್ತಿರಲಿಲ್ಲವೇನೋ. ಹಾಗಿದ್ದರೆ ಬಾವ ಹೇಳಿದ್ದೇ ನಿಜವಾಗುತ್ತದೆ, ಅದನ್ನು ನಾನೇ ನನ್ನ ಬಾಯಿಂದ ಹೋಗಿ ಹೇಳಬೇಕಾಗುತ್ತದೆ. ಬಂದ ಫಲಿತಾಂಶವನ್ನು ತಿರುಚುವ ಜಾತಿಯವಳು ನಾನಲ್ಲ. ತಿರುಚುವುದಿದ್ದರೆ ಈ ಕೆಲಸಕ್ಕೇ ಬರುತ್ತಿರಲಿಲ್ಲ.

ಪ್ರಯೋಗಾಲಯದ ಹಿಂದಿನ ಅಂಗಳದಲ್ಲಿ ಟೊಮೇಟೊ ಸಸಿಗಳನ್ನು ಸಣ್ಣ ಕುಂಡಗಳಲ್ಲಿ ಇಟ್ಟೆ. ಆ ಕಳೆ ಔಷಧಿಗೆ ಟೊಮೇಟೊ ಬಲು ಬೇಗ ಮೈ ತಿರುಚಿಕೊಳ್ಳುತ್ತದೆ. ಒಂದು ಗುಂಪಿಗೆ ಹೊಸ ಬಾಟಲಿಯಿಂದ ಬರೀ ನಲ್ಲಿ ನೀರು ಚಿಮುಕಿಸಿದೆ. ಇನ್ನೊಂದು ಗುಂಪಿಗೆ ಪಂಪಿನಿಂದ. ಅದಕ್ಕೆ ಮೊದಲು ಪಂಪನ್ನು ತಲೆಕೆಳಗು ಮಾಡಿ ಕೊನೆಯ ಹನಿಯವರೆಗೂ ಬಸಿದೆ, ಮಡಿವಂತರ ಮನೆಯಲ್ಲಿ ಹೇಗೆ ತೊಳೆಯುತ್ತಾರೋ ಹಾಗೆ ತಿಕ್ಕಿ ತೊಳೆದೆ, ಮತ್ತೆ ಬಸಿದೆ, ಮತ್ತೆ ತೊಳೆದೆ. ಆಮೇಲೆ ಹೊಸ ನೀರು ತುಂಬಿ ಹೊಡೆದೆ. ಬಾವ ಹೇಳಿದ್ದಕ್ಕಿಂತ ಹತ್ತುಪಾಲು ಹೆಚ್ಚೇ ಚೆಲ್ಲಿದ್ದೆ.

ಸಾಹೇಬರು ಇದನ್ನು ನೋಡಿದರು. ಟೊಮೇಟೊ ಇಟ್ಟುಕೊಂಡು ಆಟ ಆಡುತ್ತಿದ್ದೀರಿ, ಅಕ್ಕಪಕ್ಕದ ತೋಟಗಳಿಗೆ ಹಬ್ಬಿದರೆ ಯಾರು ಹೊಣೆ ಎಂದು ಎಲ್ಲರ ಮುಂದೆ ಕೇಳಿದರು. ಅಕ್ಕಪಕ್ಕದಲ್ಲಿ ದ್ರಾಕ್ಷಿ ತೋಟವೇ ಇಲ್ಲ ಸಾರ್ ಎಂದೆ. ನಗು ಕೇಳಿಸಿತು. ಅವರಿಗೆ ಸಿಟ್ಟು ಬಂತು. ನಾನು ಹೇಳಿದ ಮೇಲೆ ಮುಗಿಯಿತು, ಇವತ್ತೇ ಫೋನು ಮಾಡಿ ಕೀಳಲು ಹೇಳಿ ಎಂದರು. ನಾನು ಹೇಳುವುದಿಲ್ಲ ಎಂದೆ. ಸಾಲು ಹಿಡಿದು, ಟ್ಯಾಂಕು ಟ್ಯಾಂಕಿಗೂ ಕಡಿಮೆಯಾಗುತ್ತಾ ಹೋಗುವ ನಂಜನ್ನು ನಾನು ಎಲ್ಲೂ ಕಂಡಿಲ್ಲ, ನೀವು ಕಂಡಿದ್ದರೆ ತೋರಿಸಿ ಎಂದೆ. ಹದಿನೈದು ವರ್ಷ ಹಿರಿಯರಿಗೆ ಹಾಗೆ ಹೇಳಬಾರದಿತ್ತು ಎಂದು ಆಮೇಲೆ ಸಹೋದ್ಯೋಗಿಯೊಬ್ಬರು ಬುದ್ಧಿ ಹೇಳಿದರು. ನನಗೆ ಈಗಲೂ ಹಾಗನ್ನಿಸಿಲ್ಲ.

ಎರಡು ದಿನಕ್ಕೇ ಪಂಪಿನ ಗುಂಪಿನ ಟೊಮೇಟೊ ಕಾಂಡ ಬಾಗಿತು. ಮರುದಿನ ಎಲೆಯ ತೊಟ್ಟುಗಳು ಹಗ್ಗ ಹೊಸೆದಂತೆ ತಿರುಚಿಕೊಂಡವು. ನಲ್ಲಿ ನೀರಿನವು ನೆಟ್ಟಗಿದ್ದವು. ಅಂಗಳದಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕೆ. ಪಂಪಿನ ರಬ್ಬರು ಪೈಪನ್ನು ಸೀಳಿ ನೋಡಿದೆ. ಒಳಗೆಲ್ಲ ಅಂಟಂಟು. ಔಷಧಿ ಇದ್ದದ್ದು ತಳದ ನೀರಿನಲ್ಲಿ ಮಾತ್ರವಲ್ಲ. ರಬ್ಬರು ಅದನ್ನು ಕುಡಿದು ಇಟ್ಟುಕೊಂಡಿತ್ತು, ಜಾಲರಿ ಹಿಡಿದಿಟ್ಟುಕೊಂಡಿತ್ತು, ಹೊಡೆದಾಗೆಲ್ಲ ಸ್ವಲ್ಪಸ್ವಲ್ಪವಾಗಿ ಬಿಡುತ್ತಿತ್ತು. ಪೈಪು ಬದಲಿಸಿ, ಟ್ಯಾಂಕಿನಲ್ಲಿ ಅಮೋನಿಯಾ ಬೆರೆಸಿದ ನೀರು ಒಂದು ದಿನ ಪೂರ್ತಿ ನೆನೆಸಿಟ್ಟು ತೊಳೆದ ಮೇಲೆ ಹೊಡೆದ ಸಸಿಗಳಿಗೆ ಎರಡು ವಾರ ಕಾದರೂ ಏನೂ ಆಗಲಿಲ್ಲ. ಯಾರ ಮನೆಯ ನೀರು ಎಂದು ರಬ್ಬರು ಕೇಳಿರಲಿಲ್ಲ. ದೊಡ್ಡವ್ವ ಆ ಚೊಂಬು ನೀರು ಬಿಟ್ಟಿದ್ದರೂ, ಬಿಡದಿದ್ದರೂ ಗೇಟಿನ ಸಾಲು ಕೆಡುತ್ತಿತ್ತು.

ಈ ಸುದ್ದಿ ಹೇಳಲು ಫೋನು ಮಾಡಿದರೆ ಅಕ್ಕನೇ ಅವಸರದಲ್ಲಿ ಮಾತಾಡಿದಳು. ಬಾವ ಜೆಸಿಬಿಗೆ ಹೇಳಿದ್ದಾರೆ, ನಾಳೆ ಬೆಳಿಗ್ಗೆ ಬರುತ್ತದೆ. ಬಳ್ಳಿ ಕಿತ್ತು ಆ ಜಾಗವನ್ನು ಶುಂಠಿ ಹಾಕುವವರಿಗೆ ಗುತ್ತಿಗೆಗೆ ಕೊಡುವ ಮಾತಾಗಿದೆಯಂತೆ. ಗಂಡನಿಗೆ ಹೇಳಿದರೆ ಅಣ್ಣನ ಮಾತು ಮೀರುವುದು ಹೇಗೆ ಎನ್ನುತ್ತಾನಂತೆ.

"ನೀ ಬತ್ತೀಯೇನವ್ವ?" ಎಂದಳು. "ಬರ್ದಿದ್ರೂ ನಾ ಬುಡಾಕಿಲ್ಲ. ಚಪ್ಪರದ ಕೆಳ್ಗೇ ಕುಂತ್ಕತೀನಿ."

ಅಂದಿನವರೆಗೆ ಮೇಡಂ ಎನ್ನುತ್ತಿದ್ದವಳು ಅವ್ವ ಎಂದಿದ್ದಳು. ಮರುದಿನ ಮೊದಲ ಬಸ್ಸಿಗೇ ಹೊರಟೆ. ತಿರುಚಿದ ಟೊಮೇಟೊ, ನೆಟ್ಟಗಿನ ಟೊಮೇಟೊ ಎರಡನ್ನೂ ಒಂದು ತಟ್ಟೆಯಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡಿದ್ದೆ, ಪಂಪು ಕಾಲ ಬಳಿ ಇತ್ತು. ಅರಕಲಗೂಡಿನಲ್ಲಿ ಬಸ್ಸು ಬದಲಿಸುವಾಗ ಒಬ್ಬಳು ಹೆಂಗಸು ಸಸಿಗೆ ಏನಾಗಿದೆ ಎಂದು ಕೇಳಿದಳು. ಸಾಕ್ಷಿ ಹೇಳಲು ಹೋಗುತ್ತಿವೆ ಎಂದೆ.

ತೋಟ ಮುಟ್ಟಿದಾಗ ಜೆಸಿಬಿ ಗೇಟಿನ ಹೊರಗೆ ನಿಂತಿತ್ತು. ಅಕ್ಕ ಹೇಳಿದಂತೆಯೇ ಮೊದಲ ಸಾಲಿನ ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಜೆಸಿಬಿಯ ಡ್ರೈವರು ಹೆಂಗಸು ಎದ್ದರೆ ಮಾತ್ರ ಗಾಡಿ ಮುಂದಕ್ಕೆ ಎಂದು ಬೀಡಿ ಹಚ್ಚಿಕೊಂಡು ದೂರ ನಿಂತಿದ್ದ. ಬಾವ ಕೂಗಾಡಿ ದಣಿದಿದ್ದರು. ದೊಡ್ಡವ್ವ ತನ್ನ ಹೊಲದ ಬದುವಿನಲ್ಲಿ ನಿಂತಿದ್ದಳು, ಹತ್ತಿರ ಬಂದಿರಲಿಲ್ಲ.

ನಾನು ತಟ್ಟೆಯನ್ನು ಬಾವನ ಮುಂದೆ ಜಗುಲಿಯ ಮೇಲಿಟ್ಟೆ. ಇದು ನೀವು ಹೇಳಿದ ಹಾಗೆ ನೀರು ಚೆಲ್ಲಿ, ತೊಳೆದು, ಬಸಿದು ಆಮೇಲೆ ಹೊಡೆದದ್ದು ಎಂದು ತಿರುಚಿದ ಸಸಿ ತೋರಿಸಿದೆ. ಇದು ಪೈಪು ಬದಲಿಸಿ, ಅಮೋನಿಯಾ ಹಾಕಿ ತೊಳೆದ ಮೇಲಿನದು ಎಂದು ನೆಟ್ಟಗಿನದನ್ನು ತೋರಿಸಿದೆ. ಹಿರೀಕರು ಎಷ್ಟು ಚೆಲ್ಲಿದರೂ ಎಲೆ ಮುದುಡುತ್ತಿತ್ತು ಎಂದೆ. ಅವರು ಸಸಿಯನ್ನು ನೋಡಲಿಲ್ಲ. ಕಚೇರಿಯ ದೊಡ್ಡ ಸಾಹೇಬರೇ ಕೀಳಲು ಹೇಳಿದ್ದಾರೆ, ನೀವು ಯಾರು ಎಂದರು. ಬಳ್ಳಿ ನೋಡಿದವಳು ಎಂದೆ.

ಅಷ್ಟರಲ್ಲಿ ಅಕ್ಕ ಕೂತಲ್ಲಿಂದಲೇ ನನ್ನನ್ನು ಕೂಗಿದಳು. ಹೋಗಿ ನೋಡಿದೆ. ಅವಳು ಸವರಿದ್ದ ಕಡ್ಡಿಗಳಲ್ಲಿ ಕಣ್ಣೊಡೆದಿತ್ತು. ಮೊದಲ ಒಂದೆರಡು ಎಲೆ ಇನ್ನೂ ಸ್ವಲ್ಪ ಮುದುಡಿದ್ದವು. ಅದರ ಮೇಲಿನದು ನನ್ನ ಹೆಬ್ಬೆರಳಷ್ಟೇ ಇತ್ತು, ತಿಳಿಗೆಂಪು ಬಣ್ಣ, ಅಂಚು ಸಡಿಲ, ನರಗಳು ದೂರದೂರ, ಪೂರ್ತಿ ಬಿಚ್ಚಿಕೊಂಡು ಚಪ್ಪಟೆಯಾಗಿತ್ತು. ಒಂದೊಂದೇ ಬಳ್ಳಿ ನೋಡುತ್ತಾ ಸಾಲಿನ ಕೊನೆಯವರೆಗೂ ಹೋದೆ. ಎಲ್ಲದರಲ್ಲೂ ಹಾಗೇ. ಆ ಎಲೆಯ ಮುಂದೆ ಸಾಹೇಬರು, ಬಾವ, ನಾನು, ಯಾರ ಮಾತೂ ಬೇಕಿರಲಿಲ್ಲ.

ಅಕ್ಕ ಡ್ರೈವರನ್ನು ಕರೆದು ಎಲೆ ತೋರಿಸಿದಳು, ಬಾವನನ್ನಲ್ಲ. ಅವನು ಬಗ್ಗಿ ನೋಡಿ, ಇದ ಕೀಳಾಕೆ ಮನಸ್ ಬತ್ತದಾ ಎಂದು ಬೀಡಿ ಎಸೆದು ಗಾಡಿ ತಿರುಗಿಸಿದ. ಬಾವ ಅವನ ಹಿಂದೆ ರಸ್ತೆಯವರೆಗೂ ಹೋಗಿ ಬಂದರು.

ಕಚೇರಿಯಲ್ಲಿ ಸಾಹೇಬರಿಗೆ ಹೊಸ ಎಲೆಯ ಚಿತ್ರ ತೋರಿಸಿದೆ. ನೋಡೋಣ ಎಂದರು. ಇವತ್ತಿನವರೆಗೂ ನೋಡೋಣ ಎನ್ನುತ್ತಲೇ ಇದ್ದಾರೆ. ನನ್ನನ್ನು ಕೆಲವು ವಾರ ಆಲೂಗೆಡ್ಡೆ ಬಿತ್ತನೆಯ ಗೋದಾಮಿಗೆ ಹಾಕಿದರು. ಆಲೂಗೆಡ್ಡೆ ನನ್ನ ತವರು, ಅಲ್ಲಿ ನನಗೇನೂ ಶಿಕ್ಷೆಯಾಗಲಿಲ್ಲ. ರಜೆಯ ದಿನ ತೋಟಕ್ಕೆ ಹೋಗಿ ಬರುತ್ತಿದ್ದೆ.

ಅಕ್ಕ ಇನ್ನೊಂದು ಪಂಪು ಕೊಂಡಿದ್ದಳು. ಹಳೆಯದಕ್ಕೆ ಕೆಂಪು ಬಟ್ಟೆ ಕಟ್ಟಿ ಅದನ್ನು ಕಳೆಗೆಂದೇ ಮೀಸಲಿಟ್ಟಿದ್ದಳು. ಹೊಸದು ಬಳ್ಳಿಗೆ. ಕಳೆ ಔಷಧಿಯ ಪಂಪು ಮತ್ತೆಂದೂ ದ್ರಾಕ್ಷಿಯ ಹತ್ತಿರ ಸುಳಿಯಬಾರದು ಎಂದು ನಾನೇ ಹೇಳಿಕೊಟ್ಟಿದ್ದೆ. ಆದರೆ ದೊಡ್ಡವ್ವ ಆಮೇಲೆ ಇಸಿದುಕೊಳ್ಳಲು ಬರುವುದನ್ನೇ ಬಿಟ್ಟಿದ್ದಳು. ಜೋಳದಲ್ಲಿ ಕಳೆ ಎದ್ದರೂ ಕುಡುಗೋಲಿನಲ್ಲೇ ಕೊಯ್ಯುತ್ತಿದ್ದಳು. ಅಕ್ಕನೇ ಕೆಂಪು ಬಟ್ಟೆಯ ಪಂಪನ್ನು ಹೊತ್ತುಕೊಂಡು ಬದು ದಾಟಿ ಹೋಗಿ ಅವಳ ಹೊಲದಲ್ಲಿಟ್ಟು ಬಂದಳಂತೆ.

ಅದನ್ನು ಹಿಂದಕ್ಕೆ ಕೊಡಲು ದೊಡ್ಡವ್ವ ಬಂದ ದಿನ ನಾನು ಅಲ್ಲೇ ಇದ್ದೆ. ಪಂಪನ್ನು ಬಿಸಿಲಿನಲ್ಲಿ ತಲೆಕೆಳಗಾಗಿಟ್ಟು ಒಣಗಿಸಿ, ಮುಚ್ಚಳ ತೆಗೆದು ತೋರಿಸುತ್ತಾ ತಂದಳು. ಒಳಗೆ ಒಂದು ಹನಿಯೂ ಇರಲಿಲ್ಲ. ಯಾವಾಗಲೂ ನಿಲ್ಲುವ ಹಾಗೆ ಅಂಗಳದ ಅಂಚಿನಲ್ಲಿ ನಿಂತು, ಪಂಪನ್ನು ನೆಲದ ಮೇಲಿಟ್ಟು ಸರಿದುಕೊಂಡಳು. ಹೊಲಕ್ಕೆ ಒಯ್ಯುವ ನೀರಿನ ಕ್ಯಾನು ಇನ್ನೊಂದು ಕೈಯಲ್ಲೇ ಇತ್ತು. ಬಾವ ಜಗುಲಿಯ ಮೇಲಿದ್ದರು.

"ಬರಿದು ತಂದ್ಯಲ್ಲ," ಎಂದಳು ಅಕ್ಕ.

"ಇನ್ ನೀರಿಗೆ ಕೈ ಆಕಾಕಿಲ್ಲ ಕಣವ್ವ. ನಂಗೆ ಸಾಕಾಗೋಯ್ತು."

ಅಕ್ಕ ಒಳಗೆ ಹೋದಳು. ಅಲ್ಲಿಗೆ ಮಾತು ಮುಗಿಯಿತು ಎಂದುಕೊಂಡೆ. ನನಗೆ ಒಳಗೊಳಗೇ ಒಂದು ಅಸಮಾಧಾನ ಮೊದಲಿನಿಂದಲೂ ಇತ್ತು, ಅದನ್ನು ಹೇಳಿಬಿಡಬೇಕು. ದೊಡ್ಡವ್ವನ ನೀರನ್ನು ಅಕ್ಕ ಚೆಲ್ಲದೆ ಬಳ್ಳಿಗೆ ಹೊಡೆದದ್ದು ದೊಡ್ಡದೇ. ಆದರೆ ಬಳ್ಳಿಗೆ ಹೊಡೆಯುವುದು ಬೇರೆ, ಅಂಗಳಕ್ಕೆ ಕರೆಯುವುದು ಬೇರೆ. ಅಷ್ಟು ವರ್ಷ ದೊಡ್ಡವ್ವ ಅಂಗಳದ ಅಂಚನ್ನು ದಾಟಿರಲಿಲ್ಲ, ಅಕ್ಕ ದಾಟು ಎಂದಿರಲಿಲ್ಲ. ನಾನು ಸಂಬಳದವಳು, ಹಾಸನದಿಂದ ಬಂದವಳು, ನನಗೆ ಲೋಟ ಸಿಕ್ಕಿತ್ತು.

ಅಕ್ಕ ಹಿತ್ತಾಳೆಯ ಚೊಂಬು ಹಿಡಿದು ಹೊರಗೆ ಬಂದಳು. ಖಾಲಿ ಚೊಂಬು. ಅಂಗಳ ದಾಟಿ ದೊಡ್ಡವ್ವನ ಎದುರಿಗೆ ಹೋಗಿ ಅದನ್ನು ಮುಂದಕ್ಕೆ ಚಾಚಿದಳು.

"ನಿನ್ ಕ್ಯಾನ್ ನೀರ ಇದ್ಕೆ ಉಯ್ಯಿ," ಎಂದಳು. "ಪಂಪಿಗಲ್ಲ. ನಂಗೆ."

ದೊಡ್ಡವ್ವ ಜಗುಲಿಯ ಕಡೆ ನೋಡಿದಳು. ಅಕ್ಕ ನೋಡಲಿಲ್ಲ, ಚೊಂಬು ಹಿಡಿದ ಕೈ ಹಾಗೇ ಚಾಚಿಕೊಂಡಿದ್ದಳು. ದೊಡ್ಡವ್ವ ಕ್ಯಾನು ಬಗ್ಗಿಸಿದಳು, ನೀರು ಅರ್ಧ ಚೊಂಬಿಗೆ, ಅರ್ಧ ನೆಲಕ್ಕೆ ಬಿತ್ತು. ಅಕ್ಕ ಅಲ್ಲೇ ನಿಂತು, ಎತ್ತಿ ಕುಡಿಯದೆ ಚೊಂಬನ್ನು ತುಟಿಗಿಟ್ಟು ಕಚ್ಚಿ ಕುಡಿದಳು. ನನಗೆ ಕೊಟ್ಟಳು. ನಾನು ಕುಡಿದು ದೊಡ್ಡವ್ವನಿಗೆ ಕೊಟ್ಟೆ. ಅವಳು ಉಳಿದದ್ದನ್ನು ಕುಡಿದು, ಚೊಂಬನ್ನು ಹಿಂದಕ್ಕೆ ಕೊಡುವ ಮೊದಲು ಕ್ಯಾನಿನಲ್ಲಿದ್ದ ಕೊನೆಯ ನೀರನ್ನೂ ಅದಕ್ಕೆ ಹುಯ್ದಳು.

ಬಾವ ನೋಡುತ್ತಾ ಕೂತಿದ್ದರು. ನಿಮಗೂ ಬೇಕಾ ಎಂದು ಕೇಳಿದೆ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಅಕ್ಕ ಚೊಂಬಿನ ನೀರನ್ನು ಒಳಗೆ ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟು ಬಂದಳು. ಆಮೇಲೆ ಮೂವರೂ ಗೇಟಿನ ಸಾಲು ನೋಡಲು ಹೋದೆವು.